ಕೌಲಾಲಂಪುರದಲ್ಲಿ ಯಾವ ಟೂರ್ ತಗೊಳ್ಳೋದು, ಯಾವ್ದು ಬಿಡೋದು: ಓದುಗರ ಪ್ರಶ್ನೆ, ಮುಲುಂಡ್ ಅಕ್ಕನ ಉತ್ತರ

ಹೋದ ತಿಂಗಳು ಇದೇ ಪುಟದಲ್ಲಿ ಮಲೇಷ್ಯಾಕ್ಕೆ ಎರಡು ಸಲ ಹೋಗಿ ಬಂದಿದೀನಿ ಅಂತ ಒಂದ್ ಸಾಲು ಬರೆದಿದ್ದೇ ತಡ, ಮುಂಬೈ, ಪುಣೆ, ಗೋವಾ ಮೂರೂ ಕಡೆಯಿಂದ ಪ್ರಶ್ನೆಗಳು ಬಂದು ಬಿದ್ದಿವೆ. ವೀಸಾ ರಗಳೆ ಇಲ್ಲ ಅನ್ನೋದೇ ದೊಡ್ಡ ಕಾರಣ ಇರ್ಬೇಕು, 2023ರ ಡಿಸೆಂಬರಿಂದ ನಮ್ಮ ಪಾಸ್‌ಪೋರ್ಟ್‌ನವ್ರನ್ನ 30 ದಿನಕ್ಕೆ ವೀಸಾ ಇಲ್ದೇನೇ ಬಿಡ್ತಿದಾರೆ. ಟಿಕೆಟ್ ತೆಗೆಯೋ ಮುಂಚೆ ಈಗ್ಲೂ ಹಾಗೇ ಇದ್ಯಾ ಅಂತ ಒಂದ್ಸಲ ನೋಡ್ಕೊಳ್ಳಿ, ಮತ್ತೆ ಅಲ್ಲಿ ಇಳಿಯೋಕೆ ಮುಂಚಿನ ಮೂರು ದಿನದ ಒಳಗೆ ಅವ್ರ ಡಿಜಿಟಲ್ ಅರೈವಲ್ ಕಾರ್ಡ್ ಆನ್‌ಲೈನಲ್ಲಿ ತುಂಬ್ಬೇಕು, ಅದು ಫ್ರೀ, ಯಾರಾದ್ರೂ ಅದಕ್ಕೆ ದುಡ್ಡು ಕೇಳ್ತಿದ್ರೆ ನೀವು ತಪ್ಪು ವೆಬ್‌ಸೈಟಲ್ಲಿ ಇದೀರಿ ಅಂತ ಅರ್ಥ. ಸರಿ, ಪ್ರಶ್ನೆಗಳಿಗೆ ಬರೋಣ.

ಅಕ್ಕಾ ನಮಸ್ಕಾರ. ಅಪ್ಪ ಅಮ್ಮ ಇಬ್ರಿಗೂ 70ರ ಹತ್ರ, ಅಮ್ಮಂಗೆ ಮಂಡಿನೋವು, ಜೊತೆಗೆ ನಾನು, ಹೆಂಡ್ತಿ, ಒಬ್ಬ ಮಗ. ನಾಲ್ಕು ರಾತ್ರಿ ಕೌಲಾಲಂಪುರ. ಏಜೆಂಟು "ಫುಲ್ ಡೇ ಸಿಟಿ ಟೂರ್, 12 ಜಾಗ, ಬಾಟು ಕೇವ್ಸ್ ಸೇರಿ" ಅಂತ ಕೊಟ್ಟಿದಾನೆ, ರೇಟೂ ಕಮ್ಮಿನೇ ಇದೆ. ತಗೊಳ್ಳೋದಾ? – ಡೊಂಬಿವಲಿಯ ಓದುಗರು

ಆ 12 ಜಾಗದ ಲಿಸ್ಟನ್ನ ಮೊದ್ಲು ಬಿಡಿಸಿ ನೋಡಿ. ಐಟಿನರೀಲಿ ಜಾಗದ ಹೆಸರಿಗಿಂತ ಅದರ ಪಕ್ಕದಲ್ಲಿರೋ ಪದ ಮುಖ್ಯ. "ವಿಸಿಟ್" ಅಂತಿದ್ರೆ ಇಳಿದು ಒಳಗೆ ಹೋಗ್ತೀರಿ. "ಫೋಟೋ ಸ್ಟಾಪ್" ಅಂತಿದ್ರೆ ಬಸ್ಸು ನಿಲ್ಲತ್ತೆ, ಹತ್ತು ನಿಮಿಷ, ಅದೂ ಬಾಗಿಲ ಹೊರಗೆ. "ಪಾಸ್ ಬೈ" ಅಂತಿದ್ರೆ ಕಿಟಕಿಯಿಂದಲೇ ನೋಡಿ ಕೈ ಮುಗೀಬೇಕು. ನಾನು ಮೊದಲನೇ ಸಲ ಹೋದಾಗ ಇದೆಲ್ಲ ಗೊತ್ತಿರ್ಲಿಲ್ಲ, ಅತ್ತೆನ ಕರ್ಕೊಂಡು ಇಂಥದ್ದೇ ಒಂದು ಬಸ್ ಟೂರ್ ಹತ್ತಿದ್ವಿ (ಆಪರೇಟರ್ ಹೆಸ್ರು ಬೇಡ, ಅವ್ರೊಬ್ರೇ ಹೀಗೆ ಮಾಡೋದು ಅಂತೇನಿಲ್ಲ). ಬೇಜಾರಾಗಿ ವೌಚರ್ ಹಿಂದುಗಡೆ ಟೈಮ್ ಬರೀತಾ ಹೋದೆ, ಆ ಕಾಗದ ಇನ್ನೂ ಇಟ್ಕೊಂಡಿದೀನಿ. ಅರಮನೆ ಗೇಟು 15 ನಿಮಿಷ. ಮೆರ್ಡೆಕಾ ಮೈದಾನ 12 ನಿಮಿಷ. ನ್ಯಾಷನಲ್ ಮಸೀದಿ ಬಸ್ಸಿಂದ್ಲೇ. ಚಾಕ್ಲೇಟ್ ಅಂಗಡಿ 50 ನಿಮಿಷ. ಬಾಟಿಕ್ ಬಟ್ಟೆ ಅಂಗಡಿ 35 ನಿಮಿಷ. ಬಾಟು ಕೇವ್ಸ್, ಅಂದ್ರೆ ಗುಹೆಯೊಳಗಿರೋ ಸುಬ್ರಹ್ಮಣ್ಯನ ಗುಡಿ, ಒಟ್ಟು 40 ನಿಮಿಷ, ಅದ್ರಲ್ಲಿ ಅತ್ತೆ 60 ಮೆಟ್ಲು ಹತ್ತೋ ಅಷ್ಟೊತ್ತಿಗೆ ಗೈಡು ಕೆಳಗಿಂದ ಬಾವುಟ ಅಲ್ಲಾಡಿಸ್ತಿದ್ದ. ಅತ್ತೆ ಇವತ್ತಿಗೂ ಹೇಳ್ತಾರೆ, ಸುಬ್ರಹ್ಮಣ್ಯನ ದರ್ಶನ ಆಗ್ಲಿಲ್ಲ, ಚಾಕ್ಲೇಟ್ ದರ್ಶನ ಆಯ್ತು ಅಂತ.

ರೇಟು ಕಮ್ಮಿ ಯಾಕೆ ಅಂತ ಈಗ ಅರ್ಥ ಆಯ್ತಲ್ಲ, ಟೂರಿನ ಉಳಿದ ದುಡ್ಡು ಆ ಅಂಗಡಿಗಳ ಕಮಿಷನ್ನಲ್ಲಿ ಬರತ್ತೆ. ಏಜೆಂಟ್‌ಗೆ ವಾಟ್ಸಾಪ್ ಮಾಡಿ ಎರಡೇ ಪ್ರಶ್ನೆ ಕೇಳಿ, ಶಾಪಿಂಗ್ ಸ್ಟಾಪ್ ಎಷ್ಟು, ಪ್ರತಿ ಜಾಗದಲ್ಲಿ ಎಷ್ಟು ನಿಮಿಷ. ಬರವಣಿಗೆಯಲ್ಲಿ ಉತ್ತರ ಬಂದ್ರೆ ಮುಂದಿನ ಮಾತು. ಅರಮನೆ ಬಗ್ಗೆ ಏಜೆಂಟ್ ಮೇಲೆ ಸಿಟ್ಟಾಗ್ಬೇಡಿ, ಅಲ್ಲಿ ಒಳಗೆ ಯಾರ್ನೂ ಬಿಡಲ್ಲ, ಗೇಟಿನ ಮುಂದೆ ಕುದುರೆ ಮೇಲೆ ಕೂತಿರೋ ಕಾವಲುಗಾರನ ಪಕ್ಕ ನಿಂತು ಫೋಟೋ ಅಷ್ಟೇ, ಯಾವ ಟೂರಲ್ಲಿ ಹೋದ್ರೂ ಅಷ್ಟೇ.

ಬಾಟು ಕೇವ್ಸ್‌ಗೆ ಟೂರೇ ಬೇಡ. ಕೆಎಲ್ ಸೆಂಟ್ರಲ್ ಸ್ಟೇಷನ್ನಿಂದ ಕೆಟಿಎಂ ಕೊಮ್ಯೂಟರ್ ಟ್ರೇನು ನೇರ ಗುಡಿ ಪಕ್ಕಕ್ಕೇ ಹೋಗತ್ತೆ, ಸ್ಟೇಷನ್ ಹೆಸ್ರೇ ಬಾಟು ಕೇವ್ಸ್, ಊರಿಂದ ಸುಮಾರು 13 ಕಿಲೋಮೀಟರು. ಡೊಂಬಿವಲಿ ಫಾಸ್ಟಲ್ಲಿ ನೇತಾಡಿದವ್ರಿಗೆ ಆ ಟ್ರೇನು ಆಟಿಕೆ ಇದ್ದಂಗೆ, ಎಸಿ, ಸೀಟು ಖಾಲಿ, ನಮ್ಮ ಲೇಡೀಸ್ ಡಬ್ಬಾ ತರ ಹೆಂಗಸರಿಗೆ ಬೇರೆ ಡಬ್ಬಿನೂ ಇದೆ. ಗಾಡಿಗಳ ನಡುವೆ ಗ್ಯಾಪ್ ಜಾಸ್ತಿ, ಟೈಮ್ ನೋಡ್ಕೊಂಡು ಹೋಗಿ. ಬೆಳಗ್ಗೆ ಎಂಟರ ಒಳಗೆ ಅಲ್ಲಿದ್ರೆ ಬಿಸ್ಲೂ ಇಲ್ಲ, ಟೂರ್ ಬಸ್ಸುಗಳೂ ಬಂದಿರಲ್ಲ. 272 ಮೆಟ್ಲು, ಕಡಿದಾಗಿವೆ, 2018ರಲ್ಲಿ ಎಲ್ಲಾ ಮೆಟ್ಲಿಗೂ ಬಣ್ಣ ಹೊಡೆದು ಕಾಮನಬಿಲ್ಲು ಮಾಡಿದಾರೆ. ಅಮ್ಮ ಹತ್ತೋದು ಬೇಡ, ಕೆಳಗೇ 42.7 ಮೀಟರ್ ಎತ್ತರದ ಮುರುಗನ ಬಂಗಾರ ಬಣ್ಣದ ಮೂರ್ತಿ ಇದೆ, ವೆಂಕಟೇಶ್ವರನ ಗುಡಿನೂ ಕೆಳಗೇ ಇದೆ, ಅವ್ರಿಗೆ ಅಲ್ಲಿ ಕೂತ್ಕೊಳ್ಳೋಕೆ ಹೇಳಿ ನೀವು ಮೇಲೆ ಹೋಗಿ ಬನ್ನಿ. ಮಂಡಿ ಮುಚ್ಚೋ ಬಟ್ಟೆ ಇರ್ಲಿ, ಶಾರ್ಟ್ಸಲ್ಲಿ ಹೋದ್ರೆ ಮೆಟ್ಲ ಹತ್ರ ಬಾಡಿಗೆ ಪಂಚೆ ಸುತ್ತಿಸ್ತಾರೆ. ಬಾಳೆಹಣ್ಣು, ಚಿಪ್ಸ್ ಕವರು ಕೈಯಲ್ಲಿ ಹಿಡ್ಕೊಂಡು ಹೋಗ್ಬೇಡಿ, ಕೋತಿಗಳು ನಮ್ಮ ಎಲಿಫೆಂಟಾ ಕೋತಿಗಳಿಗಿಂತ ಒಂದು ಕ್ಲಾಸ್ ಮುಂದೆ ಓದಿವೆ.

ಬಸ್ ಟೂರಿನ ದುಡ್ಡು ಇಲ್ಲಿ ಉಳೀತಲ್ಲ, ಅದ್ರಲ್ಲಿ ಇನ್ನೊಂದು ದಿನ ಐದು ಜನಕ್ಕೂ ಸೇರಿ ನಾಲ್ಕೈದು ಗಂಟೆಗೆ ಒಂದು ವ್ಯಾನು ಮಾಡ್ಕೊಳ್ಳಿ, ಅಪ್ಪ ಅಮ್ಮ ತಮ್ಮ ಲಯದಲ್ಲಿ ಇಳಿದು ಹತ್ತಲಿ. ಥಿಯಾನ್ ಹೌ ಅನ್ನೋ ಚೈನೀಸ್ ಗುಡಿನ ಅದ್ರಲ್ಲಿ ಸೇರ್ಸಿ, ಆರು ಅಂತಸ್ತಿನ ಗುಡಿ, ಸಮುದ್ರದವ್ರನ್ನ ಕಾಯೋ ತಾಯಿ ಮಾಝುಗೆ ಕಟ್ಟಿದ್ದು, ಗುಡ್ಡದ ಮೇಲಿದ್ದು ಟ್ರೇನಲ್ಲಿ ಹೋಗೋದು ಕಷ್ಟ.

ಮೇಡಂ, ನಾನು ರಿಟೈರ್ಡ್ ಮೇಷ್ಟ್ರು. ಕೈಯಲ್ಲಿ ಫೋನಿದೆ, ಮ್ಯಾಪ್ ಇದೆ, ಓದೋಕೆ ಬರತ್ತೆ. ಗೈಡಿಗೆ ದುಡ್ಡು ಯಾಕೆ ಕೊಡ್ಬೇಕು? ಕೊಡೋದಾದ್ರೆ ಎಂಥ ಟೂರಿಗೆ ಕೊಡ್ಬೇಕು? – ಮಾಟುಂಗಾದ ಓದುಗರು

ಸರ್, ನಿಮ್ಮ ಪ್ರಶ್ನೆ ಓದಿ ಖುಷಿ ಆಯ್ತು, ಯಾಕಂದ್ರೆ ನಾನೂ ಹೀಗೇ ಅಂದ್ಕೊಂಡು ಮೊದಲನೇ ಸಲ ಮರಿಯಮ್ಮನ ಗುಡಿ ಇರೋ ಬೀದೀಲಿ, ಜಾಲಾನ್ ತುನ್ ಎಚ್.ಎಸ್. ಲೀ ಅಂತ ಅದರ ಹೆಸ್ರು, ಜಾಲಾನ್ ಅಂದ್ರೆ ರಸ್ತೆ, ಫೋನ್ ಹಿಡ್ಕೊಂಡು ಓಡಾಡಿದ್ದೆ. ಗೋಪುರ ನೋಡ್ದೆ, ಕುಂಕುಮ ಇಟ್ಕೊಂಡೆ, ಹೊರಗೆ ಬಂದು ಎಳನೀರು ಕುಡಿದೆ, ಮುಗೀತು. ಎರಡನೇ ಸಲ ಅದೇ ಬೀದೀಲಿ ಗೈಡ್ ಜೊತೆ ಮೂರು ಗಂಟೆ ನಡೆದೆ, ಮೊದಲನೇ ಸಲ ಏನೂ ನೋಡೇ ಇರ್ಲಿಲ್ಲ ಅಂತ ಗೊತ್ತಾಯ್ತು.

ಅರವತ್ತು ದಾಟಿದ ಚೈನೀಸ್ ಹೆಂಗಸು, ಕತ್ತಲ್ಲಿ ಲೈಸೆನ್ಸ್ ಕಾರ್ಡು, ಕೈಯಲ್ಲಿ ಬೀಸಣಿಗೆ, ಅಕ್ಕಪಕ್ಕದ ಮನೆಯವ್ರಿಂದ ಕಲ್ತ ನಾಲ್ಕು ತಮಿಳು ಮಾತು. ಮೊದ್ಲು ಸಿನ್ ಸ್ಜೆ ಸಿ ಯಾ ಅನ್ನೋ ಹಳೇ ಗುಡಿಗೆ ಕರ್ಕೊಂಡು ಹೋದ್ರು, 1864ರದ್ದು, ತವರದ ಗಣಿಯಲ್ಲಿ ದುಡಿಯೋಕೆ ಬಂದ ಚೈನೀಸರ ಮುಖಂಡ ಯಾಪ್ ಆ ಲಾಯ್ ಕಟ್ಟಿಸಿದ್ದು. ಒಳಗೆ ಹೋಗೋ ಮುಂಚೆ ಬೀದೀಲೇ ನಿಲ್ಲಿಸಿ, "ಈ ಗುಡಿ ರಸ್ತೆಗೆ ನೇರವಾಗಿದ್ಯಾ ನೋಡಿ" ಅಂದ್ರು. ನೋಡಿದ್ರೆ ಸೊಟ್ಟಗಿದೆ! ಅಕ್ಕಪಕ್ಕದ ಅಂಗಡಿಗಳೆಲ್ಲ ಸಾಲಾಗಿ ನಿಂತಿದ್ರೆ ಗುಡಿ ಮಾತ್ರ ಓರೆಯಾಗಿ ಕೂತಿದೆ, ಫೆಂಗ್ ಶುಯಿ ಲೆಕ್ಕ, ನಮ್ಮ ವಾಸ್ತು ಇದ್ದಂಗೆ. ಆ ಗುಡಿ ಮುಂದೆ ನಾನು ಹಿಂದಿನ ಸಲ ಎರಡು ಸಲ ಹಾದು ಹೋಗಿದ್ದೆ, ಕಣ್ಣಿಗೆ ಬಿದ್ದಿರ್ಲಿಲ್ಲ. ಒಳಗೆ ದೇವರ ಪೀಠದ ಮೇಜಿನ ಕೆಳಗೆ ಒಬ್ಬ ಹುಡ್ಗ, ಆಫೀಸಿಗೆ ಹೊರಟ ಡ್ರೆಸ್ಸು, ಟೈ ಹೆಗಲ ಮೇಲೆ ಎತ್ತಿ ಹಾಕ್ಕೊಂಡು, ಅಂಬೆಗಾಲಿಟ್ಟು ನುಸುಳ್ತಿದ್ದ, ಮೂರು ಸಲ. ಒಳ್ಳೇದಾಗ್ಲಿ ಅಂತ ಹಾಗೆ ಮಾಡ್ತಾರಂತೆ. ನಮ್ಮೂರ ಕಡೆ ಪಲ್ಲಕ್ಕಿ ಕೆಳಗೆ ನುಸುಳಲ್ವಾ, ಥೇಟ್ ಅದೇ. ನಾನು ಅದನ್ನ ಹೇಳಿದ್ದಕ್ಕೆ ಆಕೆ ಡೈರಿ ತೆಗೆದು ಬರ್ಕೊಂಡ್ರು.

ಅಲ್ಲಿಂದ ಅಂಗಡಿ ಸಾಲಿನ ಜಗಲಿ ಮೇಲೇ ನಡಿಗೆ. ಹಳೇ ಅಂಗಡಿಮನೆಗಳ ಮುಂದೆ ಐದಡಿ ಅಗಲದ ಮಾಡಿನ ಕೆಳಗಿನ ದಾರಿ ಇರತ್ತೆ, ಕಾಕಿ ಲೀಮಾ ಅಂತಾರೆ, ಐದಡಿ ಅಂತಲೇ ಅರ್ಥ, ಮಳೆ ಬಂದ್ರೂ ನೆನೆಯಲ್ಲ. 1881ರಲ್ಲಿ ಈ ಊರಿಗೆ ಮೊದ್ಲು ಬೆಂಕಿ ಬಿತ್ತು, ಅದೇ ವರ್ಷ ಆಮೇಲೆ ನೆರೆ ಬಂತು, ಮರ-ಹುಲ್ಲಿನ ಮನೆಗಳೆಲ್ಲ ಹೋದ್ವು. ಆಗ ಬ್ರಿಟಿಷ್ ರೆಸಿಡೆಂಟ್ ಆಗಿ ಬಂದ ಸ್ವೆಟನ್‌ಹ್ಯಾಮ್ ಇನ್ಮೇಲೆ ಇಟ್ಟಿಗೆ-ಹೆಂಚಿನಲ್ಲೇ ಕಟ್ಬೇಕು ಅಂದ. ಇಟ್ಟಿಗೆ ಸುಡೋಕೆ ಊರಾಚೆ ಜಾಗ ಬೇಕಾಯ್ತು, ಆ ಜಾಗವೇ ಇವತ್ತಿನ ಬ್ರಿಕ್‌ಫೀಲ್ಡ್ಸ್, ಲಿಟಲ್ ಇಂಡಿಯಾ ಅಂತ ನಾವೆಲ್ಲ ದೋಸೆ ತಿನ್ನೋಕೆ ಓಡಿ ಹೋಗ್ತೀವಲ್ಲ ಅದು. ಇದನ್ನ ಫೋನಲ್ಲೂ ಓದ್ಬಹುದು ಸರ್, ಇಲ್ಲ ಅನ್ನಲ್ಲ. ಆದ್ರೆ ಆ ಜಗಲಿ ಮೇಲೆ ನಿಂತು ಹಳೇ ಇಟ್ಟಿಗೆ ಗೋಡೆ ಮೇಲೆ ಕೈ ಇಟ್ಕೊಂಡು ಕೇಳೋದು ಬೇರೆ.

ಮರಿಯಮ್ಮನ ಗುಡಿ 1873ರದ್ದು, ಬಾಟು ಕೇವ್ಸ್ ಗುಡಿನೂ ಇದೇ ಆಡಳಿತದ್ದೇ, ಥೈಪೂಸಂ ಅನ್ನೋ ಮುರುಗನ ಹಬ್ಬಕ್ಕೆ ಬೆಳ್ಳಿ ರಥ ಹೊರಡೋದು ಇಲ್ಲಿಂದ. ರಸ್ತೆಯ ಆಚೆಗೆ ಗುವಾನ್ ಡಿ ಅನ್ನೋ ಚೈನೀಸ್ ಯುದ್ಧದೇವರ ಗುಡಿ, ಒಂದ್ಕಡೆ ಕರ್ಪೂರ ಇನ್ನೊಂದ್ಕಡೆ ಊದಿನಕಡ್ಡಿ. ಹತ್ತು ನಿಮಿಷ ನಡೆದ್ರೆ ಎರಡು ಹೊಳೆ ಸೇರೋ ಜಾಗ, ಕ್ಲಾಂಗ್ ಮತ್ತೆ ಗೊಂಬಾಕ್. ಕೌಲಾಲಂಪುರ ಅಂದ್ರೇನೇ ಕೆಸರಿನ ಸಂಗಮ ಅಂತ. ಆ ಸಂಗಮದ ಮೂಲೇಲಿ ಜಾಮೆಕ್ ಮಸೀದಿ, 1909ರದ್ದು, ತೆಂಗಿನ ಮರಗಳ ಮಧ್ಯೆ ಕೆಂಪು-ಬಿಳಿ ಪಟ್ಟೆ ಇಟ್ಟಿಗೆ, ಈರುಳ್ಳಿ ಗುಮ್ಮಟ. ಅದನ್ನ ಡಿಸೈನ್ ಮಾಡಿದ ಹಬಕ್ ಅನ್ನೋ ಇಂಗ್ಲಿಷಿನವ್ನೇ ಅಲ್ಲಿನ ಹಳೇ ರೈಲ್ವೇ ಸ್ಟೇಷನ್ನೂ ಮಾಡಿದ್ದು. ನಮ್ಮ ಮೊಘಲ್ ಕಮಾನು, ಛತ್ರಿಗಳನ್ನ ಬ್ರಿಟಿಷರು ಅಲ್ಲಿಗೂ ಹೊತ್ಕೊಂಡು ಹೋದ್ರು. ಫೋರ್ಟಲ್ಲಿ ನಮ್ಮ ಜಿಪಿಓ ಗುಮ್ಮಟಕ್ಕೆ ವಿಜಾಪುರದ ಗೋಳಗುಮ್ಮಟ ಮಾದರಿ ಆದಂಗೆ. ವಿಟಿ ಕಡೆ ಓಡಾಡಿದ ಮಾಟುಂಗಾದವ್ರಿಗೆ ಇದು ಅಪರಿಚಿತ ಊರು ಅನ್ಸೋದೇ ಇಲ್ಲ.

ಹಾಗಾಗಿ ನನ್ನ ಲೆಕ್ಕ ಇಷ್ಟು: ಬಸ್ಸಿಗೆ ಕೊಡೋ ದುಡ್ಡು ಉಳಿಸಿ, ಕತೆ ಹೇಳೋ ಬಾಯಿಗೆ ಕೊಡಿ. ಟ್ರೇನಲ್ಲಿ ಹೋಗ್ಬಹುದಾದ ಜಾಗಕ್ಕೆ ನೀವೇ ಹೋಗಿ, ನೋಡಿದ್ರೂ ಕಾಣದೇ ಇರೋ ಜಾಗಕ್ಕೆ ಗೈಡ್ ತಗೊಳ್ಳಿ.

ಆರಿಸೋವಾಗ ಏನು ನೋಡ್ಬೇಕು ಅಂದ್ರೆ, ಒಂದೇ ಬಡಾವಣೆ ತಗೊಂಡಿರೋ ನಡಿಗೆ ಒಳ್ಳೇದು, ಚೈನಾಟೌನ್, ಲಿಟಲ್ ಇಂಡಿಯಾ, ಕಾಂಪುಂಗ್ ಬಾರು ಮೂರನ್ನೂ ಮೂರು ಗಂಟೇಲಿ ತೋರಿಸ್ತೀವಿ ಅಂದ್ರೆ ಅದು ಓಟ. ಹತ್ತು-ಹನ್ನೆರಡು ಜನಕ್ಕಿಂತ ಜಾಸ್ತಿ ಇದ್ರೆ ಹಿಂದಿನವ್ರಿಗೆ ಏನೂ ಕೇಳ್ಸಲ್ಲ. ಬೆಳಗ್ಗೆ ಎಂಟೂವರೆ-ಒಂಬತ್ತಕ್ಕೆ ಶುರುವಾಗೋದು ತಗೊಳ್ಳಿ, ಮಧ್ಯಾಹ್ನದ ಮೇಲೆ ಅಲ್ಲಿ ಗುಡುಗು ಮಳೆ ಸುರಿಯೋದು ಮಾಮೂಲು. ಮಲೇಷ್ಯಾದಲ್ಲಿ ಗೈಡ್ ಆಗೋಕೆ ಅವ್ರ ಟೂರಿಸಂ ಮಿನಿಸ್ಟ್ರಿ ಲೈಸೆನ್ಸ್ ಬೇಕು, ಕತ್ತಲ್ಲಿ ಕಾರ್ಡ್ ಇರತ್ತೆ, ಕೇಳಿದ್ರೆ ತೋರಿಸ್ತಾರೆ, ಕೇಳೋಕೆ ಸಂಕೋಚ ಬೇಡ. ಶುಕ್ರವಾರ ಬೇಡ, ಮಸೀದಿಗಳಲ್ಲಿ ದೊಡ್ಡ ನಮಾಜು, ಹೊರಗಿನವ್ರಿಗೆ ಬಾಗಿಲು ಹಾಕಿರತ್ತೆ, ಗೈಡು ಹೊರಗಿಂದ್ಲೇ ತೋರಿಸಿ ಮುಂದೆ ಹೋಗ್ತಾರೆ. ಇನ್ನೊಂದು, ಬುಕ್ ಮಾಡೋ ಮುಂಚೆ ಒಂದು ಸಣ್ಣ ಪ್ರಶ್ನೆ ಕಳ್ಸಿ, "ಮರಿಯಮ್ಮನ ಗುಡಿ ಎದುರಿನ ಚೈನೀಸ್ ಗುಡಿ ಒಳಗೆ ಹೋಗ್ತೀವಾ?" ಅಂತ. "ಯಸ್ ಸರ್ ಎವ್ರಿಥಿಂಗ್ ಇನ್‌ಕ್ಲೂಡೆಡ್" ಅಂತ ಬಂದ್ರೆ ಬಿಡಿ. "ಆ ಹೊತ್ತಿಗೆ ಅಲ್ಲಿ ಪೂಜೆ ಇರತ್ತೆ, ಹತ್ತಕ್ಕೆ ಹೋಗೋಣ" ಅಂತ ಬಂದ್ರೆ ಆ ಮನುಷ್ಯನ್ನ ಹಿಡ್ಕೊಳ್ಳಿ.

ಅಲ್ಲಿನ ನಗರಪಾಲಿಕೆಯವ್ರೇ ಫ್ರೀ ಹೆರಿಟೇಜ್ ನಡಿಗೆ ನಡೆಸ್ತಾರೆ, ಮೆರ್ಡೆಕಾ ಮೈದಾನದ ಸುತ್ತ, 1957ರ ಆಗಸ್ಟಲ್ಲಿ ಬ್ರಿಟಿಷ್ ಬಾವುಟ ಇಳಿಸಿದ ಜಾಗ ಅದು. ದಿನ, ಟೈಮು ಬದಲಾಗ್ತಿರತ್ತೆ, ಹೋಗೋ ವಾರ ನೋಡಿ ಹೆಸ್ರು ಕೊಡಿ. ಮೇಷ್ಟ್ರಿಗೆ ಅದೇ ಸಾಕಾಗ್ಬಹುದು.

ನಾವು ಪುಣೆಯ ಮೂರು ಕುಟುಂಬ, ಒಟ್ಟು 9 ಜನ. ಇಲ್ಲಿಂದ್ಲೇ ಟೂರ್ ಮ್ಯಾನೇಜರ್, ಅಡುಗೆಯವ್ರು ಎಲ್ಲಾ ಬರೋ ಗ್ರೂಪ್ ಪ್ಯಾಕೇಜ್ ತಗೊಳ್ಳೋದಾ, ನಾವೇ ಹೋಗಿ ಅಲ್ಲೇ ಟೂರ್ ಮಾಡ್ಕೊಳ್ಳೋದಾ? "ಎಸ್‌ಐಸಿ", "ಪ್ರೈವೇಟ್" ಅಂತ ಎರಡು ರೇಟ್ ಹೇಳ್ತಾರೆ, ಏನದು? – ಕೋಥ್ರೂಡ್‌ನಿಂದ

ಎಸ್‌ಐಸಿ ಅಂದ್ರೆ ಸೀಟ್ ಇನ್ ಕೋಚ್, ಶೇರ್ ರಿಕ್ಷಾ ಇದ್ದಂಗೆ. ನಿಮ್ಮನ್ನ ಎತ್ಕೊಂಡು ಇನ್ನೂ ಐದು ಹೋಟೆಲ್ ಸುತ್ತಿ ಆಮೇಲೆ ಹೊರಡತ್ತೆ, ಬೆಳಗ್ಗೆ ಒಂದು ಗಂಟೆ ಹೋಟೆಲ್ ಲಾಬಿಗಳ ದರ್ಶನದಲ್ಲೇ ಹೋಗತ್ತೆ. 9 ಜನ ಅಂದ್ರೆ ನೀವೇ ಒಂದು ಗ್ರೂಪು, ಒಂದು ವ್ಯಾನ್ ತುಂಬತ್ತೆ, ತಲೆಗೆ ಹಂಚಿ ನೋಡಿ, ಎಸ್‌ಐಸಿಗೂ ಪ್ರೈವೇಟ್‌ಗೂ ಅಂಥ ವ್ಯತ್ಯಾಸ ಉಳಿಯಲ್ಲ. ಪ್ರೈವೇಟ್ ತಗೊಳ್ಳೋವಾಗ ಇಷ್ಟು ಕೇಳಿ, ಎಷ್ಟು ಗಂಟೆ, ಮೀರಿದ್ರೆ ಗಂಟೆಗೆಷ್ಟು, ಟೋಲು-ಪಾರ್ಕಿಂಗ್ ಯಾರ್ದು, ಮತ್ತೆ ಬರೋದು ಡ್ರೈವರ್ರಾ ಗೈಡಾ. ಈ ಕೊನೇದು ಬಹಳ ಮುಖ್ಯ. "ಇಂಗ್ಲಿಷ್ ಸ್ಪೀಕಿಂಗ್ ಡ್ರೈವರ್" ಅಂದ್ರೆ ಗೈಡಲ್ಲ, ಅವ್ನು ಗಾಡಿ ಹತ್ರಾನೇ ಇರ್ತಾನೆ, ನಿಮ್ಮನ್ನ ಗೇಟ್ ಹತ್ರ ಬಿಟ್ಟು "ಒನ್ ಅವರ್" ಅಂತ ಬೆರಳು ತೋರಿಸ್ತಾನೆ. ಅದು ತಪ್ಪಲ್ಲ, ಅಷ್ಟಕ್ಕೇ ಅವ್ನಿಗೆ ದುಡ್ಡು ಕೊಟ್ಟಿರೋದು.

ಗ್ರೂಪ್ ಪ್ಯಾಕೇಜ್ ಬಗ್ಗೆ ನನ್ನ ಅಭಿಪ್ರಾಯ ಕೇಳಿದ್ರೆ, ವರಣ್-ಭಾತ್ ಇಲ್ದೆ ಎರಡು ದಿನ ಇರಕ್ಕಾಗಲ್ಲ ಅನ್ನೋ ಹಿರಿಯರಿದ್ರೆ ತಗೊಳ್ಳಿ, ನೆಮ್ಮದಿ. ಆದ್ರೆ ಅದ್ರಲ್ಲಿ ನೀವು ಊರು ನೋಡೋದಿಲ್ಲ, ಗ್ರೂಪ್ ನೋಡ್ತೀರಿ. ಬೆಲೆ ಹೋಲಿಸೋವಾಗ ಟಿಸಿಎಸ್ ಅನ್ನೋ ಮುಂಗಡ ತೆರಿಗೆ ಸೇರಿದ್ಯಾ ಅಂತ ಕೇಳಿ, ಫಾರಿನ್ ಪ್ಯಾಕೇಜಿನ ಮೇಲೆ ಅದನ್ನ ಹಿಡೀತಾರೆ, ಐಟಿಆರ್ ಹಾಕೋವಾಗ ನಿಮ್ಮ ತೆರಿಗೆಗೆ ಹೊಂದಿಸ್ಕೋಬಹುದು. ಹೋಟೆಲಲ್ಲಿ ಫಾರಿನ್‌ನವ್ರಿಗೆ ರೂಮಿಗೆ ರಾತ್ರಿಗೆ 10 ರಿಂಗಿಟ್ ಟೂರಿಸಂ ಟ್ಯಾಕ್ಸ್ ಇದೆ, ಅದು ಕೊಟೇಶನ್ನಲ್ಲಿ ಇರಲ್ಲ, ಕೌಂಟರಲ್ಲಿ ಕೇಳ್ತಾರೆ. ಅಲ್ಲಿ ನಿಂತು ಜಗಳ ಆಡ್ಬೇಡಿ.

ಎಲ್ಲಾ ಪ್ಯಾಕೇಜಲ್ಲೂ ಗೆಂಟಿಂಗ್ ಹೈಲ್ಯಾಂಡ್ಸ್ ಅನ್ನೋ ಗಿರಿಧಾಮ ಇದ್ದೇ ಇರತ್ತೆ. ಮಹಾಬಳೇಶ್ವರ ಮನೆ ಹಿತ್ತಲಲ್ಲಿ ಇಟ್ಕೊಂಡಿರೋ ಪುಣೆಯವ್ರಿಗೆ ಮಂಜು ಏನು ಹೊಸದಲ್ಲ, ಆದ್ರೆ ಕೇಬಲ್ ಕಾರು ಮಕ್ಳಿಗೆ ಇಷ್ಟ ಆಗತ್ತೆ. ಮಧ್ಯದಲ್ಲಿ ಚಿನ್ ಸ್ವೀ ಗುಡಿ ಸ್ಟೇಷನ್ನಲ್ಲಿ ಇಳಿದು ಮತ್ತೆ ಹತ್ಬಹುದು, ಗ್ರೂಪ್‌ನವ್ರು ಇಳಿಸಲ್ಲ, ನೀವೇ ಹೋದ್ರೆ ಇಳೀರಿ.

ನಾವು ವಾಸ್ಕೋದಲ್ಲಿರೋದು, ಮೂಲ ಹುಬ್ಬಳ್ಳಿ ಕಡೆಯವ್ರು. ಕೌಲಾಲಂಪುರದಿಂದ ಮಲಾಕ್ಕಾ ಒಂದು ದಿನದ ಟೂರ್ ಅಂತ ಇದೆ, ಹೋಗಿ ಬರೋದೇ ಆಗತ್ತೆ, ಸಣ್ಣ ಊರು ಅಂತಾರೆ. ಬಿಟ್ಟು ಬಿಡೋದಾ ಅಕ್ಕಾ?

ಬೇರೆಯವ್ರು ಕೇಳಿದ್ರೆ ಬಿಡಿ ಅಂತಿದ್ನೋ ಏನೋ, ಗೋವಾದವ್ರು ಬಿಡ್ಬೇಡಿ. 1510ರಲ್ಲಿ ಗೋವಾ ಹಿಡಿದ ಅಫೊನ್ಸೊ ಡಿ ಅಲ್ಬುಕರ್ಕ್ ಮರುವರ್ಷವೇ, 1511ರಲ್ಲಿ, ಹಡಗು ಹತ್ತಿ ಹೋಗಿ ಹಿಡಿದಿದ್ದೇ ಮಲಾಕ್ಕಾನ. ಅವ್ನ ಕೋಟೆಯಲ್ಲಿ ಈಗ ಉಳಿದಿರೋದು ಒಂದು ಹೆಬ್ಬಾಗಿಲು. ಅದರ ಪಕ್ಕದ ಮೆಟ್ಲು ಹತ್ತಿದ್ರೆ ಗುಡ್ಡದ ಮೇಲೆ ಸೇಂಟ್ ಪಾಲ್ಸ್ ಚರ್ಚು, ಮಾಡು ಇಲ್ಲ, ಬರೀ ಗೋಡೆ, ಒಳಗೆ ನೆಲದಲ್ಲಿ ಕಬ್ಬಿಣದ ಜಾಲರಿ ಮುಚ್ಚಿದ ಒಂದು ಖಾಲಿ ಗುಂಡಿ. ಟೂರಿಸ್ಟುಗಳು ಅದ್ರೊಳಗೆ ಚಿಲ್ಲರೆ ಹಾಕಿ ಹೋಗ್ತಾರೆ. ಅದು ಸೇಂಟ್ ಫ್ರಾನ್ಸಿಸ್ ಝೇವಿಯರ್‌ರನ್ನ ಮೊದ್ಲು ಮಣ್ಣು ಮಾಡಿದ ಜಾಗ. 1552ರ ಡಿಸೆಂಬರಲ್ಲಿ ಚೀನಾ ತೀರದ ದ್ವೀಪದಲ್ಲಿ ಅವ್ರು ತೀರ್ಕೊಂಡ್ರು, ಮರುವರ್ಷ ದೇಹ ಇಲ್ಲಿಗೆ ಬಂತು, ತಿಂಗಳುಗಟ್ಲೆ ಇಲ್ಲೇ ಇತ್ತು, ಆಮೇಲೆ ಗೋವಾಕ್ಕೆ. ನೀವು ಓಲ್ಡ್ ಗೋವಾದ ಬಾಮ್ ಜೀಸಸ್‌ನಲ್ಲಿ ಬೆಳ್ಳಿ ಪೆಟ್ಟಿಗೆ ನೋಡಿರ್ತೀರಲ್ಲ, ಆ ಪೆಟ್ಟಿಗೆಯ ಕತೆಯ ಹಿಂದಿನ ಅಧ್ಯಾಯ ಈ ಗುಂಡಿ. ಚರ್ಚಿನ ಮುಂದೆ ಅವ್ರದ್ದು ಬಿಳೀ ಕಲ್ಲಿನ ಮೂರ್ತಿ ಇದೆ, ಬಲಗೈ ಇಲ್ಲ, ಮರ ಬಿದ್ದು ಮುರೀತು ಅಂತಾರೆ. ಅವ್ರ ನಿಜವಾದ ಬಲಗೈನೂ 1614ರಲ್ಲೇ ರೋಮ್‌ಗೆ ಹೋಗಿದೆ, ಅದಕ್ಕೇ ಗೈಡುಗಳು ಈ ಮೂರ್ತಿ ಹತ್ರ ದನಿ ತಗ್ಗಿಸಿ ಮಾತಾಡ್ತಾರೆ.

ಕೆಳಗೆ ಹಳೇ ಬೀದೀಲಿ ಮಸೀದಿ, ಚೈನೀಸ್ ಗುಡಿ, ಪೊಯ್ಯಾತ ವಿನಾಯಗರ್ ಗುಡಿ ಎಲ್ಲಾ ಒಂದೇ ಸಾಲಲ್ಲಿ. ವಿನಾಯಗರ್ ಗುಡಿ 1781ರದ್ದು, ಅಲ್ಲಿ ನಡ್ಕೊಳ್ಳೋ ಚೆಟ್ಟಿ ಅನ್ನೋ ತಮಿಳು ಮೂಲದ ಜನ ಮನೇಲಿ ಮಲಾಯ್ ಮಾತಾಡ್ತಾರೆ, ಪೂಜೆ ಮಾತ್ರ ನಮ್ಮದೇ.

ಟೂರ್ ಆರಿಸೋದು ಹೇಗೆ ಅಂದ್ರೆ, ಸುಮಾರು 150 ಕಿಲೋಮೀಟರು, ಹೋಗೋಕೆ ಎರಡು ಬರೋಕೆ ಎರಡು ಗಂಟೆ, ವೀಕೆಂಡಲ್ಲಿ ಇನ್ನೂ ಜಾಸ್ತಿ. "8 ಗಂಟೆ ಟೂರ್" ಅಂದ್ರೆ ಊರಲ್ಲಿ ನಾಲ್ಕು ಗಂಟೆಗಿಂತ ಕಮ್ಮಿ, ಊಟ ತೆಗೆದ್ರೆ ಮೂರು. 10 ಗಂಟೆದು ತಗೊಳ್ಳಿ, ಐಟಿನರೀಲಿ ಸೇಂಟ್ ಪಾಲ್ಸ್ ಗುಡ್ಡ "ವಿಸಿಟ್" ಅಂತ ಇದ್ಯಾ ನೋಡಿ, ಎಷ್ಟೋ ಟೂರ್‌ಗಳು ಕೆಳಗೆ ಕೆಂಪು ಚರ್ಚಿನ ಮುಂದೆ ಫೋಟೋ ತೆಗೆಸಿ ಅಲಂಕಾರದ ಸೈಕಲ್ ರಿಕ್ಷಾ ಹತ್ತಿಸಿ ಮುಗಿಸ್ತಾರೆ. ಇಲ್ಲಾಂದ್ರೆ ಟಿಬಿಎಸ್ ಬಸ್ ಸ್ಟ್ಯಾಂಡಿಂದ ಸಾಧಾ ಬಸ್ ಹತ್ತಿ, ಒಂದು ರಾತ್ರಿ ಅಲ್ಲೇ ಉಳ್ಕೊಳ್ಳಿ. ನನ್ನ ಕೇಳಿದ್ರೆ ಅದೇ ಚೆನ್ನ.

ಅತ್ತೆ ಈರುಳ್ಳಿ-ಬೆಳ್ಳುಳ್ಳಿ ಮುಟ್ಟಲ್ಲ. ಫುಡ್ ಟೂರ್‌ಗಳ ಜಾಹೀರಾತು ನೋಡಿ ಆಸೆ ಆಗತ್ತೆ. ಅವ್ರನ್ನ ಕರ್ಕೊಂಡು ಹೋಗ್ಬಹುದಾ? – ಠಾಣೆಯ ಓದುಗರು

ರಾತ್ರಿ ಫುಡ್ ವಾಕ್‌ಗೆ ಅತ್ತೆನ ಕರ್ಕೊಂಡು ಹೋಗ್ಬೇಡಿ, ಜಾಲಾನ್ ಆಲೋರ್ ಬೀದೀಲಿ ಮೊದಲನೇ ಗಾಡಿ ಹತ್ರಾನೇ ಮೂಗು ಮುಚ್ಕೊಂಡು ವಾಪಸ್ ಬರ್ತಾರೆ. "ವೆಜ್ ಆಪ್ಷನ್ ಇದೆ" ಅಂತ ಬರ್ದಿದ್ರೂ ಅಲ್ಲಿನ ವೆಜ್ ನಮ್ಮ ವೆಜ್ ಅಲ್ಲ, ಸೊಪ್ಪಿನ ಪಲ್ಯಕ್ಕೂ ಬೆಲಾಚಾನ್ ಅಂತ ಸೀಗಡಿ ಪೇಸ್ಟ್ ಹಾಕ್ತಾರೆ, ನಾಸಿ ಲೆಮಾಕ್ ಅಂದ್ರೆ ತೆಂಗಿನಹಾಲಿನ ಅನ್ನ, ಕೇಳೋಕೆ ಎಷ್ಟು ಚೆಂದ, ಆದ್ರೆ ಮೇಲೆ ಹುರಿದ ಪುಟ್ಟ ಒಣಮೀನು ಉದುರಿಸಿರ್ತಾರೆ.

ಆದ್ರೆ ಒಂದು ಖುಷಿ ಸುದ್ದಿ. ಚೈನೀಸ್ ಬೌದ್ಧರ ಸಸ್ಯಾಹಾರಿ ಹೋಟೆಲುಗಳಲ್ಲಿ ಈರುಳ್ಳಿ-ಬೆಳ್ಳುಳ್ಳಿ ಎರಡೂ ಹಾಕಲ್ಲ, ಅವ್ರ ಶಾಸ್ತ್ರದಲ್ಲೇ ನಿಷಿದ್ಧ. ಉಡುಪಿ ಮಠದ ಊಟಕ್ಕೂ ಅದಕ್ಕೂ ಆ ವಿಷ್ಯದಲ್ಲಿ ಜಗಳವೇ ಇಲ್ಲ. ಸೋಯಾದಲ್ಲಿ ಮೀನು, ಕೋಳಿ ಆಕಾರ ಮಾಡಿ ಬಡಿಸ್ತಾರೆ, ಅದನ್ನ ನೋಡಿ ಅತ್ತೆ ಗಾಬರಿ ಆಗ್ದಂಗೆ ಮೊದ್ಲೇ ಹೇಳಿ. ಬ್ರಿಕ್‌ಫೀಲ್ಡ್ಸಲ್ಲಿ ಬಾಳೆಲೆ ಊಟ ಇದೆ, ವೆಜ್ ಹೋಟೆಲ್ಲಾ ಅಂತ ಬೋರ್ಡ್ ನೋಡ್ಕೊಂಡು ಹೋಗಿ, ತಮಿಳಲ್ಲೇ ಕೇಳ್ಬಹುದು, ನಮ್ಮ ಮಾಟುಂಗಾ ತಮಿಳು ಧಾರಾಳ ಸಾಕು.

ಚಿಕ್ಕ ಪ್ರಶ್ನೆಗಳು, ಚಿಕ್ಕ ಉತ್ತರಗಳು

*ಪೆಟ್ರೋನಾಸ್ ಟವರ್ ಟಿಕೆಟನ್ನ ಟೂರ್ ಜೊತೆ ತಗೊಳ್ಳೋದಾ? (ಮೀರಾ ರೋಡ್)* ಬೇಡ, ಟವರಿನ ಸ್ವಂತ ವೆಬ್‌ಸೈಟಲ್ಲೇ ಟೈಮ್ ಆರ್ಸಿ ತಗೊಳ್ಳಿ. ಸೋಮವಾರ ರಜಾ. 41-42ನೇ ಮಹಡಿ ಮಟ್ಟದಲ್ಲಿ ಎರಡೂ ಟವರ್ ಸೇರಿಸೋ ಸೇತುವೆ ಮತ್ತೆ 86ನೇ ಮಹಡಿ ಎರಡೂ ಒಂದೇ ಟಿಕೆಟ್ಟಲ್ಲಿ. ಟೂರ್‌ನವ್ರು "ಟ್ವಿನ್ ಟವರ್ಸ್" ಅಂತ ಬರೆಯೋದು ಬಹುಪಾಲು ಕೆಳಗಿಂದ ಫೋಟೋ ಸ್ಟಾಪೇ.

*ಮಿಂಚುಹುಳ ಟೂರ್ ನಿಜವಾಗ್ಲೂ ಚೆನ್ನಾಗಿರತ್ತಾ? (ಪಿಂಪ್ರಿ)* ಬಸ್ ಟೂರ್ ಬೇಡ ಅಂತ ಇಷ್ಟೊತ್ತು ಹೇಳಿದ ನಾನೇ ಇದಕ್ಕೆ ಹೋಗಿ ಅಂತೀನಿ. ಕೌಲಾ ಸೆಲಾಂಗೋರ್ ಹೊಳೇಲಿ ಕತ್ತಲಾದ್ಮೇಲೆ ದೋಣೀಲಿ ಕೂರಿಸ್ತಾರೆ, ದಡದ ಗಿಡಗಳ ತುಂಬ ಹುಳ ಮಿಣ ಮಿಣ. ಆ ಹೊತ್ತಲ್ಲಿ ವಾಪಸ್ ಬರೋಕೆ ಬೇರೆ ಗಾಡಿ ಸಿಗೋದು ಕಷ್ಟ, ಅದಕ್ಕೇ ಟೂರ್. ಹುಣ್ಣಿಮೆ ಹತ್ರ ಹೋಗ್ಬೇಡಿ, ಬೆಳದಿಂಗಳಲ್ಲಿ ಮಂಕಾಗಿ ಕಾಣತ್ತೆ. ಜೋರು ಮಳೆ ಬಂದ್ರೆ ದೋಣಿ ಬಿಡಲ್ಲ, ಆಗ ದುಡ್ಡು ವಾಪಸ್ಸಾ, ಬೇರೆ ದಿನವಾ ಅಂತ ಮೊದ್ಲೇ ಕೇಳಿಟ್ಕೊಳ್ಳಿ. ಫ್ಲ್ಯಾಶ್ ಹಾಕಿ ಫೋಟೋ ತೆಗೆಯೋ ಮಾವ ಒಬ್ರು ಪ್ರತಿ ದೋಣೀಲೂ ಇರ್ತಾರೆ, ಅವ್ರು ನಿಮ್ಮನೆಯವ್ರು ಆಗ್ದಂಗೆ ನೋಡ್ಕೊಳ್ಳಿ.

*ಟಿಪ್ಸ್ ಎಷ್ಟು ಕೊಡ್ಬೇಕು? (ಮಡಗಾಂವ್)* ಕಡ್ಡಾಯ ಅಲ್ಲ. ಫ್ರೀ ವಾಕ್ ಅಂತ ಹೇಳಿ ಕೊನೇಲಿ ಟೋಪಿ ಹಿಡಿಯೋ ಖಾಸಗಿ ಟೂರ್‌ಗಳಿಗೆ ಮಾತ್ರ ಕೊಡ್ದೆ ಬರ್ಬೇಡಿ, ಅವ್ರ ಸಂಬಳವೇ ಅದು.

*ಥೈಪೂಸಂ ದಿನ ನಾವು ಅಲ್ಲಿರ್ತೀವಿ, ಅವತ್ತು ಬಾಟು ಕೇವ್ಸ್ ಟೂರ್ ಸಿಗತ್ತಾ? (ನೆರೂಳ್)* ಅವತ್ತು ಸಿಟಿ ಟೂರ್ ಮರ್ತು ಬಿಡಿ, ರಸ್ತೆ ಬಂದ್ ಇರತ್ತೆ, ಬಸ್ಸು ಒಳಗೆ ಹೋಗಲ್ಲ. ಕುಕ್ಕೆ ಷಷ್ಠಿ ಜಾತ್ರೆ ಜನ ನೋಡಿದೀರಲ್ಲ, ಅದರ ಎಷ್ಟೋ ಪಟ್ಟು ಅಂದ್ಕೊಳ್ಳಿ. ಹಬ್ಬಕ್ಕೆ ಎರಡು ರಾತ್ರಿ ಮುಂಚೆ ಮರಿಯಮ್ಮನ ಗುಡಿಯಿಂದ ಬೆಳ್ಳಿ ರಥ ಹೊರಡೋದನ್ನ ಚೈನಾಟೌನಲ್ಲೇ ನಿಂತು ನೋಡಿ, ಆರಾಮ. ಗುಹೆಗೇ ಹೋಗ್ಬೇಕು ಅನ್ನೋದಾದ್ರೆ ಟ್ರೇನಲ್ಲೇ ಹೋಗಿ, ಹಬ್ಬಕ್ಕೆ ಹೆಚ್ಚು ಗಾಡಿ ಬಿಡ್ತಾರೆ. ಚಪ್ಲಿನ ಕವರಲ್ಲಿ ಹಾಕಿ ಕೈಯಲ್ಲೇ ಇಟ್ಕೊಳ್ಳಿ, ಆ ಜನದಲ್ಲಿ ಬಿಟ್ಟ ಜಾಗದಲ್ಲಿ ವಾಪಸ್ ಸಿಗೋದು ಅನುಮಾನ, ನಮ್ಮನೆಯವ್ರು ಬಾತ್‌ರೂಮ್ ಸ್ಲಿಪ್ಪರ್ ಕೊಂಡು ಹಾಕ್ಕೊಂಡೇ ಏರ್‌ಪೋರ್ಟಿಗೆ ಬಂದಿದ್ರು.